ಖಂಡೂ ಚಟ್ನಿ ತಿನ್ನುವುದಿಲ್ಲ

ಮುಂಬೈಯ ಗೋರೆಗಾಂವ್ ಸ್ಟೇಶನ್ನಿನ ಹತ್ತಿರ ನಮ್ಮ ಶೆಟ್ರ ಹೋಟೆಲಿನಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ನಾನು ಹುಯ್ದ ದೋಸೆಗಳನ್ನು ಒಂದರ ಪಕ್ಕ ಒಂದು ಜೋಡಿಸಿದರೆ ಚಂದ್ರನಿಗೆ ಎರಡು ಸುತ್ತು ಬಂದು, ಮಿಕ್ಕಿದ್ದನ್ನು ಅಲ್ಲಿ ಯಾರಾದರೂ ಇದ್ದರೆ ಅವರಿಗೆ ಹಂಚಬಹುದು. ಇದು ನನ್ನ ಅಂದಾಜು. "ಉಡುಪಿ ತನಕ ಹೋದ್ರ ಬಾಳ ಆತು," ಎನ್ನುತ್ತಾನೆ ಗುರಲಿಂಗಪ್ಪ.

ಗುರಲಿಂಗಪ್ಪ ನನ್ನ ದೋಸ್ತ. ವಿಜಯಪುರದ ಕಡೆಯ ಬಡಗಿ. ಫಿಲ್ಮ್ ಸಿಟಿಯಲ್ಲಿ ಸೆಟ್ಟು ಕಟ್ಟುವ ಕೆಲಸ. ಅವನ ಜೇಬಿನಲ್ಲಿ ಯಾವಾಗಲೂ ಒಂದು ಅಳತೆ ಟೇಪು ಇರುತ್ತದೆ. ನಾನು ಏನು ಹೇಳಿದರೂ ಅದನ್ನು ಅಳೆದು ಕತ್ತರಿಸಿ ಕಿರಿದು ಮಾಡುವುದು ಅವನ ಚಟ. ಇಂಥವನ ಜೊತೆ ಹದಿಮೂರು ವರ್ಷ ಸ್ನೇಹ ಹೇಗೆ ಬಾಳಿತು ಎಂದು ನೀವು ಕೇಳಬಹುದು. ಖಂಡೂನಿಂದ ಬಾಳಿತು.

ಖಂಡೂ ಅಂದರೆ ಖಂಡೂ ಮೋಟರ್‌ಮನ್. ಲೋಕಲ್ ರೈಲು ಗಾಡಿ ಓಡಿಸುವವನು. 'ಬಾರಾ ಡಬ್ಬಾ', ಅಂದರೆ ಹನ್ನೆರಡು ಬೋಗಿ, ಎಂಬ ಹಿಂದಿ ಪಿಚ್ಚರಿನ ನಾಯಕ. ಒಂದು ಭಾಗ ಬಂತು, ಎರಡು ಬಂತು, ನಾಲ್ಕರವರೆಗೂ ಬಂತು. ಪಾತ್ರ ಮಾಡುವ ನಟನಿಗೆ ಬೇರೆ ಹೆಸರು, ಬೇರೆ ಮನೆ, ಬೇರೆ ಹೆಂಡತಿ ಎಲ್ಲ ಇದ್ದಾರಂತೆ. ನನಗೆ ಅದು ಬೇಡ. ಖಂಡೂ ಗಾಡಿ ಬಿಡುವ ಮೊದಲು ಬ್ರೇಕಿನ ಹಿಡಿಯನ್ನು ಹಣೆಗೆ ಸೋಕಿಸುತ್ತಾನೆ. ನಾನು ಬೆಳಗಿನ ಮೊದಲ ದೋಸೆಗೆ ಮುಂಚೆ ಸೌಟನ್ನು ಹಣೆಗೆ ಸೋಕಿಸುತ್ತೇನೆ. ಹಾಗೆ ಹಿಟ್ಟು ಹಣೆಗೆ ಮೆತ್ತಿಕೊಂಡೇ ದಿನವಿಡೀ ನಿಂತದ್ದುಂಟು. ಗಿರಾಕಿಗಳು ಅದನ್ನು ವಿಭೂತಿ ಎಂದುಕೊಂಡು ಕೈ ಮುಗಿದದ್ದೂ ಉಂಟು.

ಮೊದಲ ಭಾಗವನ್ನು ನಾನು ತೊಂಬತ್ತೊಂದು ಸಲ ನೋಡಿದ್ದೇನೆ.

"ಹತ್ತೊಂಬತ್ತು," ಎನ್ನುತ್ತಾನೆ ಗುರಲಿಂಗಪ್ಪ. "ಅದರಾಗ ಎರಡು ಸಲ ನಿದ್ದಿ ಹೊಡದಿ. ನನ್ನ ಹೆಗಲ ಮ್ಯಾಲೇ ಹೊಡದಿ."

ಇರಲಿ. ಈಗ ಚಟ್ನಿಯ ವಿಷಯ ಹೇಳಬೇಕು. ಮೊದಲ ಭಾಗದಲ್ಲಿ ಖಂಡೂನ ತಾಯಿ ನಸುಕಿನಲ್ಲಿ ಎದ್ದು ತೆಂಗಿನಕಾಯಿ ಚಟ್ನಿ ಅರೆದು, ಸ್ಟೀಲಿನ ಡಬ್ಬಿಗೆ ತುಂಬಿ, ಮಗನಿಗೆ ಕೊಡಲೆಂದು ಸ್ಟೇಶನ್ನಿಗೆ ಬರುತ್ತಾಳೆ. ಡಬ್ಬಿ ಅವನ ಕೈಗೆ ಸೇರುತ್ತದೆ. ಹಿಂದಿರುಗುವ ದಾರಿಯಲ್ಲಿ ವಿಲನ್ನಿನ ಜೀಪಿಗೆ ಸಿಕ್ಕಿ ತಾಯಿ ಹೋಗುತ್ತಾಳೆ. ಡಬ್ಬಿಯನ್ನು ಖಂಡೂ ತೆರೆಯುವುದೇ ಇಲ್ಲ. ಇಷ್ಟು ಎಲ್ಲರಿಗೂ ಗೊತ್ತು. ಎರಡನೇ ಭಾಗದಲ್ಲಿ, ಕ್ಯಾಂಟೀನಿನಲ್ಲಿ ಕೂತು ಗೆಳೆಯನ ಜೊತೆ ಮಾತಾಡುತ್ತ, ಅವನು ಚಟ್ನಿ ಬಟ್ಟಲನ್ನು ಕಿರುಬೆರಳಿನ ಬೆನ್ನಿನಿಂದ ಮೆಲ್ಲಗೆ ಆಚೆ ತಳ್ಳುತ್ತಾನೆ. ಒಂದೂವರೆ ಸೆಕೆಂಡು. ಅದರ ಬಗ್ಗೆ ಒಂದು ಮಾತಿಲ್ಲ, ಮ್ಯೂಸಿಕ್ಕಿಲ್ಲ. ಪಾಪ್‌ಕಾರ್ನ್ ತಿನ್ನುವವರಿಗೆ ಅದು ಕಾಣುವುದಿಲ್ಲ. ನಮಗೆ ಕಂಡಿತು. ಮೂರನೇ ಭಾಗದಲ್ಲಿ ತಂಗಿಯ ಮದುವೆಯಲ್ಲಿ ಬಡಿಸಲು ಬಂದವನಿಗೆ ಬರೀ ಇಡ್ಲಿ ಸಾಕು ಎನ್ನುತ್ತಾನೆ. ಆ ಶೋನಲ್ಲಿ ನಾನೂ ಗುರಲಿಂಗಪ್ಪನೂ ಒಬ್ಬರನ್ನೊಬ್ಬರು ತಬ್ಬಿಕೊಂಡೆವು. ಹಿಂದಿನ ಸಾಲಿನವರು ಕೂತ್ಕೊಳ್ರೋ ಎಂದು ಬೈದರು.

ಅಲ್ಲಿಂದ ಅದೊಂದು ಪದ್ಧತಿಯೇ ಆಯಿತು. ನಮ್ಮ ಹೋಟೆಲಿಗೆ ಬಂದವರು ದೋಸೆ ಮುಟ್ಟುವ ಮೊದಲು ಚಟ್ನಿ ಬಟ್ಟಲನ್ನು ಕಿರುಬೆರಳಿನ ಬೆನ್ನಿನಿಂದ ಸರಿಸಿದರೆ ಅವರು ನಮ್ಮವರು. ಹೆಸರು ಬೇಡ, ಊರು ಬೇಡ, ಜಾತಿ ಬೇಡ. ಬ್ಯಾಂಕಿನ ಮ್ಯಾನೇಜರು ಸರಿಸಿದ್ದಾರೆ, ರಿಕ್ಷಾದವರು ಸರಿಸಿದ್ದಾರೆ, ಒಮ್ಮೆ ಒಬ್ಬರು ಪೊಲೀಸರೂ ಆಚೀಚೆ ನೋಡಿ ಸರಿಸಿದರು. ನಾನು ಕಾವಲಿಯ ಹಿಂದಿನಿಂದ ಗಮನಿಸುತ್ತಿದ್ದೆ. ಅಂಥವರ ಎರಡನೇ ದೋಸೆ ಎತ್ತಿನ ಗಾಡಿಯ ಚಕ್ರದಷ್ಟು ದೊಡ್ಡದಾಗುತ್ತಿತ್ತು. "ಎರಡು ಇಂಚು ಹೆಚ್ಚು," ಎಂದು ಗುರಲಿಂಗಪ್ಪ ಟೇಪು ಹಿಡಿದು ಹೇಳಿದ್ದಾನೆ.

ಹೋಟೆಲನ್ನು ಈಗ ನೋಡಿಕೊಳ್ಳುವುದು ಶೆಟ್ರ ಮಗ ಮನೀಶ್. ಹುಟ್ಟಿದ್ದೇ ಇಲ್ಲಿ, ಕನ್ನಡವನ್ನು ತಡವರಿಸಿ ಆಡುತ್ತಾನೆ. ಅವನಿಗೆ ಒಂದೇ ಚಿಂತೆ.

"ಚೆನ್ನಯಣ್ಣ, ಯೆ ಚಟ್ನಿ ಇಷ್ಟು ವಾಪಸ್ ಯಾಕೆ ಬರ್ತದೆ? ಖಟ್ಟಾ ಆಗಿದ್ಯಾ?"

"ಮನೀಶಣ್ಣ, ಅದು ಗೌರವ."

"ಗೌರವ್? ಕೌನ್ ಗೌರವ್? ಅವನಿಗೆ ಹೇಳಿ, ಬೇಡಾದ್ರೆ ಪೆಹಲೇ ಹೇಳ್ಬೇಕು."

ನನ್ನ ಹೆಂಡತಿ ಶೀಲಾವತಿಗೆ ಇದೆಲ್ಲ ಕೂಡದು. ಅವಳು ಸುಳ್ಳು ಹೇಳುವುದಿಲ್ಲ, ಸಿನಿಮಾ ನೋಡುವುದಿಲ್ಲ. ಎರಡೂ ಒಂದೇ ಎಂಬುದು ಅವಳ ನಂಬಿಕೆ. ಬೊರಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಅವಳ ಮಾತಿಗೆ ಪಂಚಾಯತಿಯ ತೀರ್ಪಿನಷ್ಟು ತೂಕ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಒಂದು ದಿನವೂ ನನ್ನ ಜೊತೆ ಥಿಯೇಟರಿಗೆ ಬಂದವಳಲ್ಲ.

"ಇಲ್ಲದ ಮನುಷ್ಯನಿಗಾಗಿ ಇದ್ದ ರಜೆಯನ್ನೆಲ್ಲ ಹಾಳು ಮಾಡ್ತೀರಲ್ಲ ಮಾರಾಯ್ರೆ," ಎನ್ನುತ್ತಿದ್ದಳು. ಇದಕ್ಕೆ ಉತ್ತರವಿಲ್ಲ ಎಂದಲ್ಲ. ನನ್ನ ಬಳಿ ನಾನೂರು ಉತ್ತರಗಳಿದ್ದವು. ಅವಳ ಎದುರಿಗೆ ಒಂದೂ ಹೊರಡುತ್ತಿರಲಿಲ್ಲ.

ಹೀಗಿರುವಾಗ ಐದನೇ ಭಾಗ ಶುರುವಾಯಿತು. ಡೈರೆಕ್ಟರು ಹೊಸಬರು. ಕಥೆಯಲ್ಲಿ ಖಂಡೂ ಬೈಕುಲ್ಲಾದ ಒಂದು ಹಳೇ ಹೋಟೆಲಿಗೆ ಹೋಗಿ ದೋಸೆ ತಿನ್ನುವ ದೃಶ್ಯ ಇತ್ತು. ಆ ಹೋಟೆಲನ್ನು ಫಿಲ್ಮ್ ಸಿಟಿಯಲ್ಲಿ ಪ್ಲೈವುಡ್ಡಿನಿಂದ ಕಟ್ಟಿದವನು ಸ್ವತಃ ಗುರಲಿಂಗಪ್ಪ. ಗೋಡೆಗೆ ನೂರು ವರ್ಷದ ಹೊಗೆ ಬಳಿಯಲು ಅರ್ಧ ದಿನ ಸಾಕಾಯಿತಂತೆ. ದೋಸೆ ಹುಯ್ಯಲು ಒಂದು ನಿಜವಾದ ಕೈ ಬೇಕು ಎಂದು ಅವರು ಮಾತಾಡುವುದು ಅವನ ಕಿವಿಗೆ ಬಿತ್ತು. ಆಮೇಲೆ ಏನಾಯಿತೋ, ಮಾರನೇ ದಿನ ಅಸಿಸ್ಟೆಂಟ್ ಡೈರೆಕ್ಟರ್ ನಮಿತಾ ನಮ್ಮ ಕಾವಲಿಯ ಮುಂದೆ ಬಂದು ನಿಂತಳು. ಅಪ್ಪ ಉಡುಪಿ ಕಡೆಯವರು, ಅವಳು ಇಲ್ಲಿಯ ಹುಡುಗಿ.

"ಅಂಕಲ್, ನನಗೆ ಕನ್ನಡ ಸಮಜ್ ಆಗ್ತದೆ, ಮಾತಾಡ್ಲಿಕ್ಕೆ ಥೋಡಾ ಗಡಬಡ್," ಎಂದಳು. "ನಿಮ್ಮ ಹಾಥ್ ಸೂಪರ್ ಉಂಟು. ಕ್ಯಾಮೆರಾ ಮೇಲಿಂದ ಬರ್ತದೆ. ಫೇಸ್ ಕಾಣೋದಿಲ್ಲ, ಓನ್ಲಿ ಕೈ. ನಿಮ್ಮದೇ ಹಿಟ್ಟು ತನ್ನಿ."

ಆ ದಿನ ನಾನು ಗೋರೆಗಾಂವಿನಿಂದ ಬೊರಿವಲಿಗೆ ಗಾಡಿಯಲ್ಲಿ ಹೋಗಲಿಲ್ಲ, ಗಾಳಿಯಲ್ಲಿ ಹೋದೆ. ದಾರಿಯುದ್ದಕ್ಕೂ ಹೇಳಿದೆ. ಡಬ್ಬದಲ್ಲಿ ನೇತಾಡುತ್ತಿದ್ದವರಿಗೆ, ಟಿಕೆಟ್ ಚೆಕ್ ಮಾಡುವವರಿಗೆ, ಲಿಫ್ಟಿನವನಿಗೆ. ಕೊನೆಗೆ ಶೀಲಾವತಿಗೆ. ಅವಳು ನನ್ನ ಬಲಗೈಯನ್ನು ಹಿಡಿದು ತಿರುಗಿಸಿ ನೋಡಿದಳು. ಹೆಬ್ಬೆರಳ ಬುಡದಲ್ಲಿ ಕಾವಲಿ ಸುಟ್ಟ ಗುರುತು ಉಂಟು, ಬಾಂಬೆಗೆ ಬಂದ ಮೊದಲ ವರ್ಷದ್ದು.

"ಈ ಕೈಯಾ?"

"ಇದೇ ಕೈ."

"ಪರದೆಯಲ್ಲಿ ಈ ಗುರುತೂ ಕಾಣ್ತದಾ?"

"ಗುರುತು ಒಂದು ಕೆರೆಯಷ್ಟು ದೊಡ್ಡದಾಗಿ ಕಾಣ್ತದೆ."

ಅವಳು ಆ ಗುರುತಿನ ಮೇಲೆ ಬೆರಳು ಆಡಿಸಿ, "ಹಾಗಾದ್ರೆ ನಾನೂ ಬರ್ತೇನೆ ನೋಡ್ಲಿಕ್ಕೆ. ಕೈ ಸುಳ್ಳಲ್ಲವಲ್ಲ," ಎಂದಳು. ಮರುದಿನ ಕೆಳಗಿನ ಮಾಳಿಗೆಯ ಇಂದ್ರಾಬಾಯಿಗೆ ಅವಳೇ ಹೇಳಿದಳು. ಇಂದ್ರಾಬಾಯಿಗೆ ಹೇಳಿದರೆ ಬೊರಿವಲಿಯ ಅರ್ಧಕ್ಕೆ ಹೇಳಿದಂತೆ. ಇದನ್ನು ಮಾತ್ರ ಗುರಲಿಂಗಪ್ಪನೂ ಒಪ್ಪುತ್ತಾನೆ.

ಶೂಟಿಂಗಿನ ದಿನ ನಾನು ಎರಡು ಪಾತ್ರೆ ಹೊತ್ತುಕೊಂಡು ಹೋದೆ. ಒಂದರಲ್ಲಿ ಹಿಟ್ಟು, ಇನ್ನೊಂದರಲ್ಲಿ ಚಟ್ನಿ. ಹಿಟ್ಟು ತನ್ನಿ ಎಂದು ಹೇಳಿದ್ದರು. ಚಟ್ನಿ ತನ್ನಿ ಎಂದು ಯಾರೂ ಹೇಳಿರಲಿಲ್ಲ. ಆದರೆ ಹಿಟ್ಟನ್ನು ಒಂಟಿಯಾಗಿ ಕಳಿಸುವುದು ನಮ್ಮ ಕಸುಬಿನಲ್ಲಿ ಇಲ್ಲ.

ಖಂಡೂ ಬಂದ. ಎತ್ತರ ಏಳೂವರೆ ಅಡಿ. ("ಐದು ಅಡಿ ಆರು ಇಂಚು. ಬಾಗಿಲ ಚೌಕಟ್ಟು ನಾನ ಮಾಡೀನಿ, ನನಗ ಗೊತ್ತಿಲ್ಲೇನು?" ಗುರಲಿಂಗಪ್ಪ.) ಖಾಕಿ ಅಂಗಿ, ಹೆಗಲ ಮೇಲೆ ಅದೇ ಹಳೇ ಚೀಲ. ನನ್ನ ಎದುರಿನ ಬೆಂಚಿನಲ್ಲಿ ಕೂತ. ನಾನು ಸೌಟನ್ನು ಹಣೆಗೆ ಸೋಕಿಸಿದೆ. "ಆ್ಯಕ್ಷನ್" ಎಂದರು. ನೀರು ಚಿಮುಕಿಸಿದೆ, ಕಾವಲಿ ಚುಂಯ್ ಎಂದಿತು. ಹಿಟ್ಟು ಹುಯ್ದೆ, ಸುತ್ತಿದೆ, ಎಣ್ಣೆ ಬಿಟ್ಟೆ, ಎಬ್ಬಿಸಿದೆ, ಮಡಚಿದೆ, ತಟ್ಟೆಗೆ ಇಳಿಸಿದೆ, ಪಕ್ಕಕ್ಕೆ ಒಂದು ಸೌಟು ಹಾಕಿ ಖಂಡೂನ ಮುಂದೆ ಸರಿಸಿದೆ.

"ಕಟ್! ಓಕೆ! ಕ್ಯಾ ಹಾಥ್ ಹೈ!" ಎಂದರು ಡೈರೆಕ್ಟರು. ಮಾನಿಟರಿನಲ್ಲಿ ತೋರಿಸಿದರು. ನನ್ನ ಕೈ ಗೇಟ್‌ವೇ ಆಫ್ ಇಂಡಿಯಾದಷ್ಟಿತ್ತು. ಸುಟ್ಟ ಗುರುತು ಹೊಳೆಯುತ್ತಿತ್ತು.

ಅದರ ಬೆನ್ನಿಗೇ ಖಂಡೂ ತಿನ್ನುವ ಶಾಟು. ಅವನು ದೋಸೆ ಮುರಿದ, ಅದ್ದಿದ, ಬಾಯಿಗಿಟ್ಟ. ಕಣ್ಣು ಮುಚ್ಚಿ, "ವಾಹ್" ಎಂದ. ಅದೂ ಓಕೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ತಟ್ಟುತ್ತಿದ್ದ ನನ್ನ ಕಣ್ಣು ಪ್ಲೈವುಡ್ಡಿನ ಗೋಡೆಯ ಸಂದಿಯಲ್ಲಿ ನಿಂತ ಗುರಲಿಂಗಪ್ಪನ ಮೇಲೆ ಬಿತ್ತು. ಅವನು ತಟ್ಟುತ್ತಿರಲಿಲ್ಲ. ಬಾಯಿ ತೆರೆದು ತಟ್ಟೆಯನ್ನೇ ನೋಡುತ್ತಿದ್ದ.

ನಾನೂ ತಟ್ಟೆ ನೋಡಿದೆ. ಬೆಳ್ಳಗೆ ಚಟ್ನಿ.

ಯಾರು ಹಾಕಿದ್ದು? ಡೈರೆಕ್ಟರು ಹಾಕಲಿಲ್ಲ. ನಮಿತಾ ಹಾಕಲಿಲ್ಲ. ಮುಂಬೈಯ ಎರಡು ಕೋಟಿ ಜನರಲ್ಲಿ ಖಂಡೂ ಚಟ್ನಿ ತಿನ್ನುವುದಿಲ್ಲ ಎಂದು ಎಲ್ಲರಿಗಿಂತ ಹೆಚ್ಚು ತಿಳಿದವನು ನಾನು, ನನ್ನದೇ ಕೈ ಹಾಕಿತ್ತು. ಇಪ್ಪತ್ತನಾಲ್ಕು ವರ್ಷ ದೋಸೆಯ ಹಿಂದೆ ಸೌಟು ಹೋಗಿ ಹೋಗಿ, ಕೈ ನನ್ನನ್ನು ಕೇಳುವುದನ್ನೇ ಬಿಟ್ಟಿತ್ತು. ಬಟ್ಟಲಿನಲ್ಲಿದ್ದಿದ್ದರೆ ಸರಿಸಬಹುದಿತ್ತು. ತಟ್ಟೆಗೇ ಸುರಿದು ದೋಸೆಯ ಅಡಿಗೆ ಹರಿದದ್ದನ್ನು ಯಾವ ಬೆರಳು ಸರಿಸೀತು? ಮೇಲಾಗಿ ಅವನು ತಿಂದೇಬಿಟ್ಟಿದ್ದ.

ಗುರಲಿಂಗಪ್ಪ ಹತ್ತಿರ ಬಂದು ಪಿಸುಗುಟ್ಟಿದ. "ಸುಮ್ನಿರು. ಬಾಯಿ ಬಿಡಬ್ಯಾಡ."

"ತಾಯಿಯ ಡಬ್ಬಿ ಗುರಲಿಂಗಪ್ಪ..."

"ಡಬ್ಬಿ ನನಗೂ ಗೊತ್ತದ. ವೈನಿಯವ್ರಿಗೆ ಏನ್ ಹೇಳ್ತಿ? ಬಿಲ್ಡಿಂಗಿನ ಮಂದಿಗೆ? ಕೈ ಬಂದದ, ಚಲೋ ಬಂದದ. ಬಿಡು."

ಅದುವರೆಗೆ ನನ್ನನ್ನು ಅಳೆದು ಕತ್ತರಿಸುತ್ತಲೇ ಬಂದವನು ಆ ದಿನ ಮೊದಲ ಸಲ ಇದ್ದದ್ದನ್ನು ಇದ್ದಂತೆ ಬಿಡು ಎಂದ. ನಾನು ಬಿಡಲು ನೋಡಿದೆ. ಆಗಲಿಲ್ಲ. ಆಮೇಲೆ ನಮಿತಾಳನ್ನು ಕರೆದು ಹೇಳಿದೆ.

ಅವಳು ಕೇಳಿದಳು, ವಾಚು ನೋಡಿದಳು. "ಅಂಕಲ್, ಸಮಜೋ. ನಾಲ್ಕು ಗಂಟೆಗೆ ಹೀರೋ ಹೋಗ್ತಾರೆ, ಸೆಟ್ ಕೂಡ ಆಗಲೇ ತೆಗೀತಾರೆ. ಈಗ ಟ್ವೆಂಟಿ ಪಾಸ್ಟ್ ಥ್ರೀ. ಲೈಟ್ ಎಲ್ಲ ಬದಲ್ ಮಾಡಿ ಒಂದೇ ಶಾಟ್ ಆಗ್ತದೆ. ತಿನ್ನೋ ಶಾಟ್ ಚಟ್ನಿ ಇಲ್ದೆ ತೆಗೆದ್ರೆ, ನಿಮ್ಮ ಕೈ ಶಾಟಲ್ಲಿ ಚಟ್ನಿ ಉಂಟಲ್ಲ, ಮ್ಯಾಚ್ ಆಗೋದಿಲ್ಲ. ಆಪ್ಕಾ ಹಾಥ್ ನಿಕಲ್ ಜಾಯೇಗಾ, ಪಿಚ್ಚರಲ್ಲೇ ಇರೋದಿಲ್ಲ. ಪೂರಾ. ನಾನು ಸರ್‌ಗೆ ಹೇಳ್ಲಾ, ಬೇಡ್ವಾ? ನೀವೇ ಹೇಳಿ."

ನಾನು ಕೈ ನೋಡಿಕೊಂಡೆ. ಹೆಬ್ಬೆರಳ ಮೇಲೆ ಒಂದು ಹನಿ ಚಟ್ನಿ ಇತ್ತು. ಒರೆಸಿಕೊಂಡೆ.

"ಹೇಳಮ್ಮ," ಎಂದೆ.

ಡೈರೆಕ್ಟರಿಗೆ ಸಿಟ್ಟು ಬಂತು. ಅಡುಗೆಯವನು ಕಥೆ ತಿದ್ದುತ್ತಾನಾ ಎಂದು ಕೂಗಿದರು. ಕೂಗು ಖಂಡೂನ ಕಿವಿಗೆ ಬಿತ್ತು. ಅವನು ಎದ್ದು ನನ್ನ ಹತ್ತಿರವೇ ಬಂದ. ನಾನು ಹಿಂದಿಯಲ್ಲಿ, ಅಂದರೆ ನನ್ನ ಹಿಂದಿಯಲ್ಲಿ, ಒಂದನೇ ಭಾಗದ ಡಬ್ಬಿ, ಎರಡನೇ ಭಾಗದ ಕಿರುಬೆರಳು, ಮೂರನೇ ಭಾಗದ ಇಡ್ಲಿ, ಎಲ್ಲ ಒಪ್ಪಿಸಿದೆ. ಅವನು ಎರಡನೇ ಭಾಗಕ್ಕೆ ತಡೆದ.

"ಕಿರುಬೆರಳು? ಯಾವುದು?"

ನಾನು ಮಾಡಿ ತೋರಿಸಿದೆ. ಅವನು ಯೋಚಿಸಿ ಯೋಚಿಸಿ, ಆಮೇಲೆ ನಗಲು ಶುರುಮಾಡಿದ. ನಗು ನಿಂತ ಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದ: ಆ ದಿನ ಬಟ್ಟಲಿನಲ್ಲಿ ನೊಣ ಬಿದ್ದಿತ್ತು. ಅದಕ್ಕೇ ಸರಿಸಿದ್ದು.

ಈ ಸಂಗತಿಯನ್ನು ನಾನು ಇವತ್ತಿನವರೆಗೆ ಒಬ್ಬರಿಗೂ ಹೇಳಿಲ್ಲ, ಗುರಲಿಂಗಪ್ಪನಿಗೂ ಇಲ್ಲ. ನಿಮಗೂ ಹೇಳಿಲ್ಲವೆಂದೇ ತಿಳಿಯಿರಿ. ಸಾವಿರಾರು ಜನರ ಕಿರುಬೆರಳ ಪ್ರಶ್ನೆ ಇದು. ಆ ನೊಣ ಸತ್ತು ಹತ್ತು ವರ್ಷವಾಯಿತು, ಅದರ ಆತ್ಮಕ್ಕೆ ಶಾಂತಿ ಇರಲಿ.

ಖಂಡೂ ಮಾತ್ರ ಆ ತಟ್ಟೆಯನ್ನು ನೋಡಿ, ಡೈರೆಕ್ಟರ ಕಡೆ ತಿರುಗಿದ. "ಇವರು ಹೇಳೋದು ಸರಿ. ಖಂಡೂ ತಿನ್ನಲ್ಲ. ಮತ್ತೆ ತೆಗೀರಿ," ಎಂದ. ಆಗ ಅವನ ಎತ್ತರ ಎಂಟಡಿ.

ನಾನು ಇನ್ನೊಂದು ದೋಸೆ ಹುಯ್ದೆ. ಹುಯ್ಯುವಾಗ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಿದ್ದೆ, ಮತ್ತೆ ಸೌಟಿನ ಕಡೆ ಹೋದರೆ ಎಂದು. ಕ್ಯಾಮೆರಾ ಖಂಡೂನ ಮುಖದ ಮೇಲಿತ್ತು. ತಟ್ಟೆಯನ್ನು ಕೆಳಗಿನಿಂದ, ಬೆರಳ ತುದಿಯೂ ಕಾಣದಂತೆ, ನೂಕಿದೆ. ನಾಲ್ಕಕ್ಕೆ ಐದು ನಿಮಿಷ ಇರುವಾಗ ಓಕೆ ಆಯಿತು.

ಶೀಲಾವತಿಗೆ ನಾನು ಹೇಳಲಿಲ್ಲ. ಹುಲಿಯ ಬಾಯಿಗೆ ಕೈ ಹಾಕು ಎಂದರೆ ಹಾಕಿಯೇನು, ಈ ಒಂದು ಮಾತಿಗೆ ಬಾಯಿ ಬರಲಿಲ್ಲ. ಇವತ್ತು, ನಾಳೆ ಎನ್ನುತ್ತ ಎಂಟು ತಿಂಗಳು ಹೋಯಿತು. ಅಷ್ಟರಲ್ಲಿ ಇಂದ್ರಾಬಾಯಿ ಬಿಲ್ಡಿಂಗಿನ ಹೆಂಗಸರನ್ನೆಲ್ಲ ಸೇರಿಸಿ ಶುಕ್ರವಾರದ ಮೊದಲ ಶೋಗೆ ಟಿಕೆಟ್ ಮಾಡಿಸಿದ್ದಳು. ಶೀಲಾವತಿ ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ಮನೀಶ್ ಕೂಡ ಕೌಂಟರ್ ಬಿಟ್ಟು ಬಂದಿದ್ದ. ಗುರಲಿಂಗಪ್ಪ ನನ್ನ ಎಡಕ್ಕೆ ಕೂತು ನನ್ನ ಮುಖ ನೋಡಿದ.

"ಹೇಳಿಲ್ಲೇನು?"

"ಇಲ್ಲ."

"ಅಯ್ಯೋ ನಿನ್ನ," ಎಂದು ತಲೆ ಚಚ್ಚಿಕೊಂಡ.

ಇಂಟರ್‌ವಲ್ ಆದ ಮೇಲೆ ಆ ದೃಶ್ಯ ಬಂತು. ಪ್ಲೈವುಡ್ಡಿನ ಬೈಕುಲ್ಲಾ, ನೂರು ವರ್ಷದ ಹೊಗೆ. ಕಾವಲಿಯ ಚುಂಯ್ ಶಬ್ದ ಮಾತ್ರ ಕೇಳಿತು. ಕೈ ಇಲ್ಲ. ಖಂಡೂ ಕೂತಿದ್ದಾನೆ, ಮುಂದೆ ತಟ್ಟೆ ಬಂದು ನಿಂತಿತು. ನಮ್ಮ ಸಾಲಿನಲ್ಲಿ ಹನ್ನೊಂದು ತಲೆಗಳು ಮುಂದಕ್ಕೆ ಬಾಗಿದವು.

"ಶೀಲಾಬಾಯಿ, ನಿಮ್ಮ ಮನಿಯವ್ರ ಕೈ ಎಲ್ಲೈತ್ರೀ?" ಇಂದ್ರಾಬಾಯಿಯ ಪಿಸುಮಾತು ಪರದೆಯವರೆಗೂ ಕೇಳಿಸಿತು.

ಶೀಲಾವತಿ ನನ್ನ ಕಡೆ ತಿರುಗಿದಳು. ಕತ್ತಲಲ್ಲೂ ಆ ನೋಟ ನನ್ನ ಕೆನ್ನೆಗೆ ಕಾವಲಿಯ ಹಾಗೆ ತಾಗಿತು.

ಅಷ್ಟರಲ್ಲಿ ಮುಂದಿನ ಸಾಲುಗಳಲ್ಲಿ ಒಬ್ಬ ಎದ್ದು ನಿಂತ. ತಟ್ಟೆ ತೋರಿಸಿ, "ಚಟ್ನಿ ನಹೀ ಹೈ! ದೇಖ್, ಚಟ್ನಿ ನಹೀ ಹೈ!" ಎಂದು ಕೂಗಿದ. ಅವನ ಪಕ್ಕದವನು ಎದ್ದ. ಆಚೆ ಮೂಲೆಯಲ್ಲಿ ಇಬ್ಬರು ಹೆಂಗಸರು ಎದ್ದರು. ಶಿಳ್ಳೆ, ಕೂಗು. ಎದ್ದವರೆಲ್ಲ ಬಲಗೈ ಮೇಲೆತ್ತಿ ಕಿರುಬೆರಳಿನ ಬೆನ್ನಿನಿಂದ ಗಾಳಿಯಲ್ಲಿ ಏನನ್ನೋ ಆಚೆ ತಳ್ಳುತ್ತಿದ್ದರು. ಖಂಡೂ ಒಣ ದೋಸೆ ಮುರಿದು ಬಾಯಿಗಿಟ್ಟು ಕಣ್ಣು ಮುಚ್ಚಿದ. ಗುರಲಿಂಗಪ್ಪ ಯಾವಾಗ ಎದ್ದನೋ ತಿಳಿಯದು. ನಾನು ಎದ್ದದ್ದೂ ತಿಳಿಯದು.

"ಎಂತದು? ಯಾಕೆ ಹೀಗೆ ಕುಣಿಯುವುದು ಇವರು?" ಶೀಲಾವತಿ ನನ್ನ ಅಂಗಿ ಎಳೆದಳು.

ಕೂತು ಎಲ್ಲ ಹೇಳಿದೆ. ತಾಯಿಯ ಡಬ್ಬಿ, ನನ್ನ ಕೈಯ ಚಾಳಿ, ನಮಿತಾಳ ಪ್ರಶ್ನೆ, ನನ್ನ ಉತ್ತರ. ನೊಣ ಬಿಟ್ಟು. ಜೀವಮಾನದಲ್ಲಿ ಮೊದಲ ಸಲ ಒಂದು ಗುಲಗಂಜಿಯಷ್ಟೂ ಹೆಚ್ಚು ಸೇರಿಸದೆ ಹೇಳಿದೆ. ಬಹುಶಃ ಅದಕ್ಕೇ ಅವಳು ನಂಬಲಿಲ್ಲ. ಗುರಲಿಂಗಪ್ಪನ ಕಡೆ ನೋಡಿದಳು.

"ಖರೇ ಅದ ವೈನಿ," ಎಂದ ಅವನು. "ಇಂಚೂ ಹೆಚ್ಚಿಲ್ಲ."

ಪಿಚ್ಚರ್ ಮುಗಿದು ಹೊರಗೆ ಬಂದ ಮೇಲೆ ಶೀಲಾವತಿ ಒಂದೇ ಮಾತು ಆಡಿದಳು: "ಇಪ್ಪತ್ತೆರಡು ವರ್ಷದಲ್ಲಿ ನೀವು ಮಾಡಿದ ಯಾವ ಕೆಲಸಕ್ಕೂ ಇಷ್ಟು ಜನ ಎದ್ದು ನಿಂತದ್ದು ನಾನು ಕಾಣೆ. ಮಾಡದೆ ಬಿಟ್ಟದ್ದಕ್ಕೆ ನಿಂತರು ನೋಡಿ."

ಇದು ಹೊಗಳಿಕೆಯೋ ಬೈಗುಳವೋ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಸ್ಟೇಶನ್ ಬಂತು, ಪ್ಲಾಟ್‌ಫಾರ್ಮಿನ ಮೇಲೆ ಇಂದ್ರಾಬಾಯಿ ಎಲ್ಲ ಹೆಂಗಸರನ್ನು ಕಟ್ಟಿಕೊಂಡು ಎದುರಿಗೆ ಬಂದು ನಿಂತಳು.

"ಕೈ ಕಾಣಲೇ ಇಲ್ಲಲ್ರೀ ಶೀಲಾಬಾಯಿ!"

ಸುಳ್ಳು ಹೇಳದ ನನ್ನ ಹೆಂಡತಿ ಸೆರಗು ಸರಿಮಾಡಿಕೊಂಡಳು.

"ಕಾಣುವುದು ಹೇಗೆ? ಇವರೇ ಬೇಡ ಅಂದದ್ದು. ಇವರು ಒಂದು ಮಾತು ಹೇಳದಿದ್ರೆ ಇಡೀ ಪಿಚ್ಚರ್ ಹಾಳಾಗಿ ಹೋಗ್ತಿತ್ತು. ಹೀರೋ ಬಂದು ಕೈ ಹಿಡಿದು ಕೇಳಿದ್ರಂತೆ. ನೋಡಿದ್ರಲ್ಲ, ಎರಡು ಸಾವಿರ ಜನ ಎದ್ದು ನಿಂತರು."

ಥಿಯೇಟರಿನಲ್ಲಿ ಇದ್ದದ್ದೇ ಮುನ್ನೂರು ಕುರ್ಚಿ. ಎದ್ದವರು ನನ್ನನ್ನೂ ಸೇರಿಸಿ ಇಪ್ಪತ್ತಮೂರು. ನಾನು ಎಣಿಸಿದ್ದೆ. ಗುರಲಿಂಗಪ್ಪನೂ ಎಣಿಸಿದ್ದ ಎಂದು ಅವನ ಮುಖ ನೋಡಿದರೇ ತಿಳಿಯುತ್ತಿತ್ತು. ಅವನು ಬಾಯಿ ತೆರೆದ. ಶೀಲಾವತಿ ಅವನನ್ನೇ ನೋಡಿದಳು.

"ಹೌದ್ರೀ," ಎಂದ ಗುರಲಿಂಗಪ್ಪ. "ಎರಡು ಸಾವಿರದ ಮ್ಯಾಲೇ ಇದ್ರು."

ಬೊರಿವಲಿ ಗಾಡಿ ಬಂತು. ಮುಂದಿನ ಡಬ್ಬದ ಕಿಟಕಿಯಲ್ಲಿ ಕೂತ ಮೋಟರ್‌ಮನ್ ಯಾರೋ ಬೇರೆ, ದಪ್ಪಗೆ, ಕನ್ನಡಕದವರು. ನಾನೂ ಗುರಲಿಂಗಪ್ಪನೂ ರೂಢಿಯಂತೆ ಅವರಿಗೊಂದು ಸಲಾಂ ಹೊಡೆದೆವು.